ಹಲಗೆಯ ಮೇಲಿನ ನಾಳೆ

ತೊಂಡೆ ಸೊಪ್ಪನ್ನು ಇದ್ದಿಲ ಪುಡಿಯ ಜೊತೆ ಅರೆಯುವಾಗ ಏಳುವ ಹಸಿ ಹಸಿಯಾದ ಕಹಿ ವಾಸನೆ ವಸಂತಮ್ಮನನ್ನು ಅಡುಗೆಮನೆಯಿಂದ ನೇರ ಅವಳು ಓದಿದ ಭದ್ರಾವತಿಯ ಶಾಲೆಯ ಜಗಲಿಗೆ ಎಳೆದುಕೊಂಡು ಹೋಯಿತು. ಆಗ ಶನಿವಾರ ಬಂತೆಂದರೆ ಮಕ್ಕಳೇ ಬೋರ್ಡಿಗೆ ಕಪ್ಪು ಬಳಿಯಬೇಕಿತ್ತು. ಗಂಡುಹುಡುಗರು ಕಾರ್ಖಾನೆ ಕ್ವಾರ್ಟರ್ಸಿನ ಮನೆಗಳಿಂದ ಸತ್ತ ಟಾರ್ಚ್ ಸೆಲ್ಲು ತಂದು ಒಡೆದು ಒಳಗಿನ ಮಸಿ ಕೊಡುತ್ತಿದ್ದರು. ಹುಡುಗಿಯರು ಬೇಲಿಯ ತೊಂಡೆ ಸೊಪ್ಪು ಕಿತ್ತು ಅದರ ಜೊತೆ ಜಜ್ಜುತ್ತಿದ್ದರು. ಸೋಮವಾರದವರೆಗೂ ಉಗುರಿನ ಸಂದಿಯಲ್ಲಿ ಹಸಿರುಗಪ್ಪು. ಆ ಹುಡುಗಿಯರ ಹೆಸರುಗಳನ್ನು ವಸಂತಮ್ಮ ಒಂದೊಂದಾಗಿ ಹೇಳಿಕೊಂಡಳು. ಎಲ್ಲವೂ ನೆನಪಾದವು. ಆದರೂ ಸಮಾಧಾನವಾಗಲಿಲ್ಲ. ಅವಳ ತಾಯಿ ಉಚ್ಚಂಗಮ್ಮನಿಗೂ ಕೊನೆಯವರೆಗೆ ಹಳೆಯದೆಲ್ಲ ನೆನಪಿತ್ತು. ಎದುರು ಕೂತ ಮಗಳನ್ನು ಮಾತ್ರ, "ನೀವು ಯಾರ ಮನೆಯೋರಮ್ಮ?" ಎಂದು ಮರ್ಯಾದೆಯಿಂದ ಕೇಳುತ್ತಿದ್ದಳು.

ಹೋದ ವಾರ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಭದ್ರಾವತಿಗೆ ಹೋಗಿದ್ದಾಗ, ಈಗ ಈ ಕಪ್ಪು ಬಳಿಯಲು ಹೊರಟಿರುವ ಫ್ರೇಮು ಸಿಕ್ಕಿತ್ತು. ಗುಜರಿ ಅಂಗಡಿಯ ಮುಂದೆ, ತುಕ್ಕು ಹಿಡಿದ ಫ್ಯಾನುಗಳ ನಡುವೆ ಒರಗಿಸಿಟ್ಟಿದ್ದ ಬೀಟೆ ಮರದ ಫೋಟೋ ಫ್ರೇಮು. ನಾಲ್ಕೂ ಮೂಲೆಗೆ ಬಳ್ಳಿಯ ಕೆತ್ತನೆ. ಗಾಜಿಲ್ಲ, ಫೋಟೋ ಇಲ್ಲ. ಮೇಲಂಚಿನ ಕುಂಕುಮದ ಕಲೆ ಕಂಡು ಅವಳು ಕೈ ಹಿಂದೆಗೆದದ್ದನ್ನು ಅಂಗಡಿಯ ಪರಶುರಾಮ ಗಮನಿಸಿದ.

"ಹೆದರ್ಬೇಡಿ ಅಮ್ಮ, ಸತ್ತೋರ ಫೋಟೋ ಅಲ್ಲ. ದೇವ್ರದ್ದು. ಆ ಪಟಾನ ಅರಳಿಕಟ್ಟೇಲಿಟ್ಟು ಕೈಮುಗ್ದು ಬಂದಿದೀನಿ."

ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಹಿಡಿದುಕೊಳ್ಳಲು ಸಲೀಸಾಗಲೆಂದು ದಾರದ ಕುಣಿಕೆಯನ್ನೂ ಕಟ್ಟಿಕೊಟ್ಟ. ಅದನ್ನು ಏನು ಮಾಡುವುದೆಂದು ಆಗಿನ್ನೂ ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಹಿಂದಿರುಗುವ ದಾರಿಯಲ್ಲಿ. ನಡುದಾರಿಯ ಮಲವಗೊಪ್ಪದಲ್ಲಿ ಬಸ್ಸು ನಿಂತಿತು, ಅವಳು ಇಳಿದಳು. ಬಸ್ಸು ಹೊರಟುಹೋದ ಮೇಲೆ ಯಾಕಿಳಿದೆನೆಂದು ತಿಳಿಯಲಿಲ್ಲ. ಕೈಯಲ್ಲಿರುವ ಗಂಟು ಏನೆಂದು ತಿಳಿಯಲಿಲ್ಲ. ರಸ್ತೆಯ ಎರಡು ತುದಿಗಳಲ್ಲಿ ಯಾವುದು ಮನೆಯ ಕಡೆಗೆ ಹೋಗುತ್ತದೆ ಎಂಬುದೂ. ಎಳನೀರು ಮಾರುತ್ತಿದ್ದ ಹೆಂಗಸು ಏನನ್ನೂ ಕೇಳದೆ ತಾನು ಕೂತಿದ್ದ ಸ್ಟೂಲನ್ನೇ ಅವಳತ್ತ ತಳ್ಳಿದಳು. ಅದರ ಮೇಲೆ ಕೂತು ವಸಂತಮ್ಮ ಬಂದುಹೋಗುವ ಬಸ್ಸುಗಳನ್ನು ನೋಡಿದಳು. ಆಮೇಲೆ ಎಲ್ಲವೂ ತಿರುಗಿ ಬಂತು, ಹೋದ ಕರೆಂಟು ಬಂದ ಹಾಗೆ. ಮನೆಯಲ್ಲಿ ಮಾತ್ರ ಬಸ್ಸು ಕೆಟ್ಟುನಿಂತಿತ್ತು ಎಂದಳು.

ನಿಜ ಹೇಳಿದರೆ ಮೊಮ್ಮಗಳು ಸಿರಿಯನ್ನು ತನ್ನ ಕೈಗೆ ಬಿಡುವುದಿಲ್ಲ. ಮಗ ಯೋಗರಾಜ್, ಸೊಸೆ ಶೀಲಾ ಇಬ್ಬರೂ ಕೆಲಸಕ್ಕೆ ಹೋಗುವವರು. ಎರಡನೇ ಕ್ಲಾಸಿನ ಸಿರಿಯನ್ನು ಬೆಳಿಗ್ಗೆ ತಿರುವಿನವರೆಗೆ ನಡೆಸಿಕೊಂಡು ಹೋಗಿ ಶಾಲೆಯ ಬಸ್ಸು ಹತ್ತಿಸುವುದು, ಸಂಜೆ ಇಳಿಸಿಕೊಂಡು ಬರುವುದು ಅಜ್ಜಿಯ ಪಾಲು. ಬೆರಳು ಹಿಡಿದು ಬರುವ ಆ ದಾರಿಯಲ್ಲಿ ಹುಡುಗಿ ಹೇಳುವ ಸುದ್ದಿಗಳಿಗಾಗಿಯೇ ವಸಂತಮ್ಮ ದಿನವಿಡೀ ಕಾಯುತ್ತಿದ್ದಳು. ಅಮ್ಮನಿಗೆ ಸುಸ್ತಾಗುತ್ತದೆಂದು ಯೋಗರಾಜ್ ಈಗಾಗಲೇ ಒಮ್ಮೆ ಡೇಕೇರ್ ಮಾತೆತ್ತಿದ್ದ.

ಹೀಗಾಗಿ, ಮರೆತರೆ ನೋಡಿಕೊಳ್ಳಲೆಂದು, ಫ್ರೇಮು ಬರೆಯುವ ಹಲಗೆಯಾಯಿತು. ಬಡಗಿ ಅಳತೆಗೆ ಪ್ಲೈವುಡ್ ಕೊಯ್ದು ಕೂರಿಸಿಕೊಟ್ಟ. ಇಸ್ತ್ರಿ ಅಂಗಡಿಯಿಂದ ಇದ್ದಿಲು ಬಂತು. ಬಳಿದು, ಒಣಗಿಸಿ, ಮತ್ತೆ ಬಳಿದು, ಕಪ್ಪು ನಿಂತ ಮೇಲೆ ಅಜ್ಜಿ ಮೊಮ್ಮಗಳು ಸೇರಿ ಫ್ರೇಮಿನ ಸುತ್ತ ಬಿಳಿ ಬಣ್ಣದಲ್ಲಿ ಹಸೆ ಚಿತ್ತಾರದ ಗೆರೆ ಎಳೆದರು. ಶೀಲಾ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡಳು. ಹಾಲಿನಲ್ಲೇ ತೂಗುಹಾಕೋಣ ಎಂದಳು.

"ಅಡುಗೆಮನೇಲೇ ಇರ್ಲಿ ಮಾರಾಯ್ತಿ. ಬಂದೋರೆಲ್ಲ ನನ್ನ ಕೋಳಿಕಾಲು ಅಕ್ಷರ ನೋಡಿ ನಗೋದು ಬೇಡ" ಎಂದಳು ವಸಂತಮ್ಮ.

ಹಲಗೆಯ ಮೇಲೆ ಬಳ್ಳಿ ಬರೆದು ಅದರ ಒಂದು ಎಲೆಯಲ್ಲಿ 'ಗ್ಯಾಸ್' ಎಂದು ಬರೆದಳು. ಹೂವಿನೊಳಗೆ 'ಮಾತ್ರೆ'. ಗಿಣಿಯ ಹೊಟ್ಟೆಯಲ್ಲಿ 'ಸಿರಿ, ಮೂರೂವರೆ'. ನೋಡಿದವರಿಗೆ ಅಂದದ ಚಿತ್ರ. ಅವಳಿಗೆ ಅದು ನಡುನೀರಿನಲ್ಲಿ ಸಿಕ್ಕ ಕೊಂಬೆ.

ಬುಧವಾರ ಸಂಜೆ ಶೀಲಾ, ನಾಳೆ ಟೀಚರುಗಳಿಗೆ ಏನೋ ಮೀಟಿಂಗ್ ಇದೆ, ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ ಎಂದಳು. ಅವಳು ಅತ್ತ ಹೋದದ್ದೇ ವಸಂತಮ್ಮ ಸೀಮೆಸುಣ್ಣ ಎತ್ತಿಕೊಂಡು ದಪ್ಪಕ್ಷರದಲ್ಲಿ ಬರೆದಳು: ನಾಳೆ ಸಿರಿ ಮಧ್ಯಾಹ್ನಕ್ಕೇ ಬರ್ತಾಳೆ.

ಗುರುವಾರ ಸಿರಿಯನ್ನು ಬಸ್ಸು ಹತ್ತಿಸಿ ಬಂದು ಹಲಗೆ ನೋಡಿದಳು. ಸರಿ, ನಾಳೆ ತಾನೇ ಎಂದುಕೊಂಡಳು. ನೆನಪಿಟ್ಟುಕೊಳ್ಳಬೇಕು ಎಂದು ಮತ್ತೊಮ್ಮೆ ಓದಿಕೊಂಡದ್ದೂ ಉಂಟು. ಮಧ್ಯಾಹ್ನ ಅಡುಗೆ ಮುಗಿಸಿ ಕಿಟಕಿಯ ಹತ್ತಿರ ಬಂದಾಗ ರಸ್ತೆಯಲ್ಲಿ ಸಿರಿಯ ಶಾಲೆಯ ನೀಲಿ ಯೂನಿಫಾರ್ಮಿನ ಮಕ್ಕಳು ಇಬ್ಬರು ಬ್ಯಾಗು ಹೊತ್ತು ಹೋಗುತ್ತಿದ್ದರು. ಇವರೇಕೆ ಈ ಹೊತ್ತಿಗೆ ಎಂದು ಅವಳು ಹಲಗೆಯ ಕಡೆ ತಿರುಗಿದಳು. ಅದು ನಾಳೆ ಎಂದೇ ಹೇಳುತ್ತಿತ್ತು.

ಯೋಗರಾಜ್ ಚಿಕ್ಕವನಿದ್ದಾಗ ಬೀದಿ ಬೀದಿಯ ಬಾಗಿಲುಗಳ ಮೇಲೆ ಜನ 'ನಾಳೆ ಬಾ' ಎಂದು ಬರೆದುಕೊಂಡಿದ್ದರು. ದೆವ್ವ ಬರುತ್ತದೆ, ಓದುತ್ತದೆ, ಆಗಲಿ ನಾಳೆ ಬರೋಣವೆಂದು ತಿರುಗಿಹೋಗುತ್ತದೆ. ಮರುದಿನವೂ ಅದನ್ನೇ ಓದಿ ತಿರುಗಿಹೋಗುತ್ತದೆ. ಅಕ್ಷರ ಬಲ್ಲ ದೆವ್ವಕ್ಕೆ ಅಷ್ಟೂ ಬುದ್ಧಿ ಬೇಡವೇ ಎಂದು ವಸಂತಮ್ಮ ಆಗ ಹೊಟ್ಟೆ ಹಿಡಿದು ನಕ್ಕಿದ್ದಳು. ಈಗ ಓದಿ ತಿರುಗಿಹೋದವಳು ತಾನೇ.

ಬಾಗಿಲು ಹಾಕಿದಳೋ ಇಲ್ಲವೋ, ಬರಿಗಾಲಿನಲ್ಲಿ ಓಡಿದಳು. ತಿರುವಿನಲ್ಲಿ ಯಾರೂ ಇರಲಿಲ್ಲ. ಬಸ್ಸು ನಿಲ್ಲುವ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಆಚೆ ನೀರಾವರಿ ಚಾನಲ್ಲಿನಲ್ಲಿ ನೀರು ಬಿಟ್ಟಿದ್ದರು. ಸಿಮೆಂಟಿನ ದಂಡೆಗೆ ತಾಗಿಕೊಂಡೇ ಕಂದು ನೀರು ಸದ್ದಿಲ್ಲದೆ ಓಡುತ್ತಿತ್ತು. ದಂಡೆಯ ಮೇಲೆ ಬಾಗಿ ಅವಳು ಆ ನೀರನ್ನು ನೋಡಿದಳು. ತೇಲಿಬಂದ ಒಂದು ನೀಲಿ ಬಣ್ಣದ ವಸ್ತು ಹತ್ತಿರವಾಗಿ, ಬರೀ ಪ್ಲಾಸ್ಟಿಕ್ ಚೀಲವಾಗಿ, ದಾಟಿಹೋಯಿತು.

"ಅಜ್ಜೀ" ಎಂದು ಯಾರೋ ಕರೆದರು.

ಟೈಲರ್ ಪುಷ್ಪಾಳ ಅಂಗಡಿಯ ಬಾಗಿಲಲ್ಲಿ ಸಿರಿ ನಿಂತಿದ್ದಳು, ಅಂಗೈ ತುಂಬ ಬಣ್ಣಬಣ್ಣದ ಗುಂಡಿಗಳು. ಹಿಂದೆ ಪುಷ್ಪಾ ಮಿಷನ್ನು ನಿಲ್ಲಿಸಿ ಎದ್ದು ಬಂದಳು. ವಸಂತಮ್ಮನ ಮುಖ, ಬರಿಗಾಲು ಎರಡನ್ನೂ ನೋಡಿದಳು.

"ಬಸ್ಸು ಇವತ್ತು ಸ್ವಲ್ಪ ಬೇಗ ಬಂದ್ಬಿಡ್ತು ಅಮ್ಮ" ಎಂದಳು, ತಪ್ಪೆಲ್ಲ ಬಸ್ಸಿನದೇ ಎಂಬ ಹಾಗೆ. ತನ್ನ ಚಪ್ಪಲಿ ಬಿಟ್ಟು ಕಾಲಿನಿಂದಲೇ ಮುಂದೆ ಸರಿಸಿದಳು. "ಹಾಕ್ಕೊಳಿ. ರಸ್ತೆ ಕಾದಿದೆ."

ಆ ಸಂಜೆಯುದ್ದಕ್ಕೂ ವಸಂತಮ್ಮನಿಗೆ ಒಂದೇ ಭಯ, ಸಿರಿ ಯಾವಾಗ ಬಾಯಿ ಬಿಡುತ್ತಾಳೋ ಎಂದು. ಹೇಳಬೇಡ ಮಗಾ ಎಂಬ ಮಾತು ಬಾಯಿ ತನಕ ಬಂದಿತ್ತು. ಏಳು ವರ್ಷದ ಕೂಸಿನ ತಲೆಯ ಮೇಲೆ ಸುಳ್ಳು ಹೊರಿಸಲು ಮನಸ್ಸಾಗದೆ ನುಂಗಿಕೊಂಡಳು. ಶೀಲಾ ಬಂದು ಕೈಕಾಲು ತೊಳೆಯುವ ಮೊದಲೇ ಸಿರಿ, ಪುಷ್ಪಾ ಆಂಟಿ ಅಂಗಡಿಯಲ್ಲಿ ಗುಂಡಿ ಆರಿಸಿಕೊಟ್ಟದ್ದು, ಅಜ್ಜಿ ಚಪ್ಪಲಿಯಿಲ್ಲದೆ ಓಡಿಬಂದದ್ದು ಎಲ್ಲವನ್ನೂ ಸಂತೋಷದಿಂದ ವರದಿ ಮಾಡಿದಳು. ಸೋಫಾದಲ್ಲಿದ್ದ ಯೋಗರಾಜ್ ಫೋನಿನಿಂದ ತಲೆಯೆತ್ತಿದ. ಶೀಲಾ ಅಡುಗೆಮನೆಗೆ ಬಂದು ಹಲಗೆಯ ಮುಂದೆ ನಿಂತಳು. ಬಳ್ಳಿಯ ಎಲೆ, ಹೂವು, ಗಿಣಿ ಎಲ್ಲವನ್ನೂ ಮೊದಲ ಸಲ ಓದುವವಳಂತೆ ಓದಿದಳು. ವಸಂತಮ್ಮ ಒಲೆಯ ಕಡೆ ಮುಖ ಮಾಡಿಯೇ ನಿಂತಿದ್ದಳು.

"ಅತ್ತೆ, ಎಷ್ಟು ದಿನದಿಂದ?"

"ಮಲವಗೊಪ್ಪದಲ್ಲಿ ಇಳ್ಕೊಂಡ್ಬಿಟ್ಟೆ. ಅದಕ್ಕೂ ಮುಂಚೇನೂ ಇರಬೌದು. ನಂಗೆ ಗೊತ್ತಾಗಲ್ಲ ಶೀಲಾ, ಅದೇ ಹೆದರಿಕೆ." ಅವಳು ಒಲೆ ಆರಿಸಿದಳು. "ನಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು."

"ನಮಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಮಗೂನ ಬಿಡ್ತಿದ್ರಾ ನನ್ ಹತ್ರ?"

ಸೋಮವಾರ ಡಾಕ್ಟರ ಹತ್ತಿರ ಹೋಗೋಣ, ರಜ ಹಾಕುತ್ತೇನೆ ಎಂದಳು ಶೀಲಾ. ಆಮೇಲೆ ಸೆರಗಿನ ತುದಿಯಿಂದ 'ನಾಳೆ' ಎಂಬುದನ್ನು ಒರೆಸಿದಳು. ಹಾಲಿನಲ್ಲಿ ಗಂಡ ಹೆಂಡತಿ ತಗ್ಗಿದ ದನಿಯಲ್ಲಿ ಮಾತಾಡಿಕೊಂಡದ್ದು ವಸಂತಮ್ಮನಿಗೆ ಕೇಳಿತು, ಏನೆಂದು ತಿಳಿಯಲಿಲ್ಲ. ಡೇಕೇರ್ ಎಂಬ ಒಂದು ಮಾತು ಮಾತ್ರ ಸ್ಪಷ್ಟವಾಗಿ ಕಿವಿಗೆ ಬಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಅಡುಗೆಮನೆಗೆ ಬಂದಾಗ ಹಲಗೆಯ ನೆತ್ತಿಯಲ್ಲಿ ಶೀಲಾಳ ದುಂಡು ಅಕ್ಷರದಲ್ಲಿ 'ಇವತ್ತು ಶುಕ್ರವಾರ' ಎಂದಿತ್ತು. ಕೆಳಗೆ ಪುಷ್ಪಾಳ ಫೋನ್ ನಂಬರು. ಸಿರಿ ಶೂ ಹಾಕಿಕೊಂಡು ಬಾಗಿಲಲ್ಲಿ ಕುಣಿಯುತ್ತಿದ್ದಳು. ಯೋಗರಾಜ್ ಹೆಲ್ಮೆಟ್ ಕೈಗೆತ್ತಿಕೊಂಡು, ಅಮ್ಮನ ಮುಖ ನೋಡದೆ, "ಇವತ್ತು ನಾನೇ ಬಸ್ ಹತ್ತಿಸಿ ಹೋಗ್ತೀನಿ" ಎಂದ. ವಸಂತಮ್ಮ ತಲೆಯಾಡಿಸಿ ಗೋಡೆಯ ಕಡೆ ಸರಿದು ದಾರಿ ಬಿಟ್ಟಳು.

ಶೀಲಾ ಒಳಗಿನಿಂದ ಬಂದಳು. ಗಂಡನನ್ನು ದಾಟಿ, ಮಗಳನ್ನು ದಾಟಿ ಬಂದು, ಸಿರಿಯ ಊಟದ ಡಬ್ಬಿಯನ್ನು ವಸಂತಮ್ಮನ ಕೈಯಲ್ಲಿಟ್ಟಳು. ಚಿತ್ರಾನ್ನ ಈಗಷ್ಟೇ ತುಂಬಿದ್ದಿರಬೇಕು, ಡಬ್ಬಿಯ ತಳ ಅಂಗೈಗೆ ಬಿಸಿಯಾಗಿ ತಾಗುತ್ತಿತ್ತು.