ಖಾಲಿ ಹಾಳೆಯ ಅಧ್ಯಕ್ಷ

ಕಾಲುವೆಯ ಕೊನೆಯ ತೂಬಿಗೆ ನೀರು ಬಾರದೆ ಹತ್ತು ದಿನವಾಗಿತ್ತು. ಮೇಲಿನ ಹೊಲಗಳು ನೆನೆದು ನಿಂತಿದ್ದವು. ಇಲ್ಲಿ ಸಸಿಮಡಿ ಬಿರುಕು ಬಿಟ್ಟಿತ್ತು. ಅಣ್ಣ ಒಬ್ಬನೇ ಗುದ್ದಲಿ ಹಿಡಿದು ಹೂಳು ಎತ್ತುತ್ತಿದ್ದ. ತನ್ನ ಪಾಲಿನದ್ದೂ ಅವನೇ, ತಮ್ಮನ ಪಾಲಿನದ್ದೂ ಅವನೇ.

ಆಗ ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಮುಂದಿನ ಸೀಟಿನಲ್ಲಿ ತಮ್ಮ, ಇಸ್ತ್ರಿ ಅಂಗಿ. ಕೈ ಎತ್ತಿದ. ಅಣ್ಣ ನೋಡದವನಂತೆ ಬಗ್ಗಿದ. ಹೊಟ್ಟೆಯೊಳಗೆ ಕೆಂಡ ಸುರಿದಂತಾಗಿತ್ತು.

ಅವನಿಗೆ ನೇಗಿಲು ಹಿಡಿಯಲು ಕಲಿಸಿದ್ದು ಯಾರು? ಊರಿನ ಕೆಲಸಕ್ಕೆಂದು ಕಚೇರಿ ಅಲೆದು ಚಪ್ಪಲಿ ಸವೆಸಿದ್ದು ಯಾರು? ಚುನಾವಣೆ ಬಂದಾಗ ಮಾತ್ರ ಗಿರಣಿ ಧಣಿ ಇಬ್ಬರನ್ನೂ ಅಳೆದು ನೋಡಿ, "ನಿನ್ನ ಬಾಯಿ ಜೋರು ಕಣಯ್ಯ, ನಿನ್ನ ತಮ್ಮನೇ ನಿಲ್ಲಲಿ" ಎಂದಿದ್ದ. ತಮ್ಮ ಎರಡು ಸಲ ಸದಸ್ಯನಾದ. ಈಗ ಪಂಚಾಯಿತಿ ಅಧ್ಯಕ್ಷ.

"ಹೋಗಿ ಕೇಳಬಾರದಾ? ನಿಮ್ಮ ಹೊಟ್ಟೆ ಉರಿ ಆರಿಸೋಕೂ ಒಂದು ಚೊಂಬು ನೀರು ಬೇಕಲ್ಲ, ಕಾಲುವೇಲಿ ಅದೂ ಇಲ್ಲ" ಎಂದಳು ಹೆಂಡತಿ.

"ಅವನ ಮುಂದೆ ನಾನು ಕೈಕಟ್ಟಿ ನಿಲ್ಲಬೇಕಾ?"

"ತೂಬಿನ ಮುಂದೆ ಕೂತ್ರೆ ನೀರು ಬರುತ್ತಾ? ಇನ್ನು ನಾಲ್ಕು ದಿನ ಹೋದ್ರೆ ಸಸಿ ಗೊಬ್ಬರಕ್ಕೇ ಸರಿ."

ಮರುದಿನ ಪಂಚಾಯಿತಿ ಕಚೇರಿಗೆ ಹೋದ. ವರಾಂಡದಲ್ಲಿ ಅರ್ಜಿ ಹಿಡಿದವರು ಸಾಲಾಗಿ ಕುಳಿತಿದ್ದರು. ತಮ್ಮ ಕುರ್ಚಿಯಲ್ಲಿ ಹೇಗೆ ಮೆರೆಯುತ್ತಿರಬಹುದು ಎಂದು ಅಣ್ಣ ದಾರಿಯುದ್ದಕ್ಕೂ ಉರಿದುಕೊಂಡೇ ಬಂದಿದ್ದ. ಬಾಗಿಲು ತಳ್ಳಿದ.

ಅಧ್ಯಕ್ಷರ ಕುರ್ಚಿಯಲ್ಲಿ ಗಿರಣಿ ಧಣಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ತಮ್ಮ ಮೇಜಿನ ಪಕ್ಕ ನಿಂತು, ಬಗ್ಗಿ, ಸಭೆಯ ನಡಾವಳಿ ಪುಸ್ತಕದ ಖಾಲಿ ಹಾಳೆಗಳ ಕೆಳಗೆ ಸಹಿ ಹಾಕುತ್ತಿದ್ದ. ಗುಮಾಸ್ತ ಬೆರಳಿಟ್ಟು ತೋರಿಸುತ್ತಿದ್ದ. "ಇಲ್ಲಿ. ಆಮೇಲೆ ಇಲ್ಲಿ."

"ಮೇಲೆ ಏನೂ ಬರೆದೇ ಇಲ್ಲವಲ್ಲೋ?" ಎಂದ ಅಣ್ಣ.

"ಆಮೇಲೆ ಬರ್ಕೋತಾರೆ ಅಣ್ಣ. ಮೊದಲಿಂದ್ಲೂ ಹೀಗೇ ಅಂತೆ."

ಅಣ್ಣ ಪುಸ್ತಕ ಎಳೆದುಕೊಂಡು ಹಿಂದಿನ ಹಾಳೆ ತೆಗೆದ. ಕೊನೆಯ ತೂಬನ್ನು ಮುಚ್ಚಿ, ಆ ನೀರನ್ನು ಗಿರಣಿಗೆ ಬಿಡಲು ಸಭೆ ಒಪ್ಪಿದೆ ಎಂದಿತ್ತು. ಕೆಳಗೆ ತಮ್ಮನ ಸಹಿ.

"ಓದು."

ತಮ್ಮ ಓದಿದ. ಮುಖ ಬಿಳಿಚಿಕೊಂಡಿತು. "ತೂಬು ರಿಪೇರಿಗೆ ಅಂತ ಹೇಳಿದ್ರು. ನಾನು ಸಹಿ ಹಾಕಿದಾಗ ಖಾಲಿ ಇತ್ತಣ್ಣ."

ಧಣಿ ನಿಧಾನವಾಗಿ ಅಣ್ಣನ ಕಡೆ ತಿರುಗಿದ. "ಕೂತ್ಕೋ ಬಾ. ನಿನ್ನಂಥ ತಿಳಿದವನೇ ಬೇಕಿತ್ತು. ಮುಂದಿನ ಸಲ ನಿನ್ನನ್ನೇ ನಿಲ್ಲಿಸ್ತೀನಿ."

ಸುಳ್ಳು ಯಾಕೆ ಹೇಳಬೇಕು, ಅಣ್ಣನಿಗೂ ಒಮ್ಮೆ ಆಸೆಯಾಯಿತು. ಜೀಪು, ಇಸ್ತ್ರಿ ಅಂಗಿ, ಕಂಡಕಂಡವರ ನಮಸ್ಕಾರ, ಎಲ್ಲವೂ ಕಣ್ಣ ಮುಂದೆ ಬಂದವು. ಆಮೇಲೆ ತಮ್ಮನ ಬಗ್ಗಿದ ಬೆನ್ನು ಕಂಡಿತು. ಇಷ್ಟು ವರ್ಷ ತಾನು ಕರುಬಿದ್ದು ಈ ಬೆನ್ನು ನೋಡಿಯೇ? ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಏಳಿ ಧಣಿ. ಅದು ನನ್ನ ತಮ್ಮನ ಕುರ್ಚಿ."

ಧಣಿ ನಕ್ಕ. ಏಳಲಿಲ್ಲ.

ಅಣ್ಣ ಪುಸ್ತಕ ಎತ್ತಿಕೊಂಡು ಬಾಗಿಲಿಗೆ ಬಂದ. ತೂಬು ಮುಚ್ಚುವ ಹಾಳೆಯನ್ನು ವರಾಂಡಕ್ಕೆಲ್ಲ ಕೇಳುವಂತೆ ಓದಿದ. ಕೊನೆಯ ತೂಬಿನ ರೈತರು ಮೂವರು ಅಲ್ಲೇ ಕುಳಿತಿದ್ದರು. ಎದ್ದು ಒಳಗೆ ಬಂದರು. ಹಿಂದೆಯೇ ಉಳಿದವರೂ ನುಗ್ಗಿದರು. ಗುಮಾಸ್ತ "ಹೊರಗೆ, ಹೊರಗೆ" ಎಂದು ಎಷ್ಟು ಕೂಗಿದರೂ ಯಾರೂ ಕದಲಲಿಲ್ಲ.

ಅರ್ಜಿ ಹಿಡಿದಿದ್ದ ಮುದುಕಿಯೊಬ್ಬಳು ಕೂತವನನ್ನೂ ನಿಂತವನನ್ನೂ ನೋಡಿ, "ಇಲ್ಲಿ ಅಧ್ಯಕ್ಷ ಯಾರಪ್ಪಾ?" ಎಂದಳು.

ಧಣಿ ಬಾಯಿ ತೆರೆದ. ಅಷ್ಟರಲ್ಲಿ ತಮ್ಮ ನೆಟ್ಟಗೆ ನಿಂತ.

"ನಾನಜ್ಜಿ" ಎಂದ.

ಅಣ್ಣನ ಕೈಯಿಂದ ಪುಸ್ತಕ ತೆಗೆದುಕೊಂಡು ಮೇಜಿನ ಮೇಲಿಟ್ಟ. ಖಾಲಿ ಹಾಳೆಯ ಕೆಳಗಿನ ಸಹಿಯ ಮೇಲೆ, ಕಾಗದ ಹರಿಯುವಷ್ಟು ಒತ್ತಿ, ಅಡ್ಡಗೆರೆ ಎಳೆದ.

"ನಾನಜ್ಜಿ" ಎನ್ನುವ ಮಾತು ತನ್ನ ಬಾಯಿಂದ ಬರಲಿಲ್ಲವಲ್ಲ ಎಂದು ಅಣ್ಣನಿಗೆ ಮತ್ತೆ ಹೊಟ್ಟೆ ಉರಿಯಿತು. ಉರಿಯಲಿ ಎಂದುಕೊಂಡು ಮುಂದಿನ ಹಾಳೆ ತಿರುಗಿಸಿದ.

"ಇಲ್ಲೂ ಹೊಡಿ" ಎಂದ.