ವೆಂಕಮ್ಮನ ಅಡುಗೆಮನೆಯ ಗಾಡಿದಾರಿ

ಸುರೇಂದ್ರ ತನ್ನ ರಬ್ಬರ್ ತೋಟಕ್ಕೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದ. ಅಂದಿನಿಂದ ವೆಂಕಮ್ಮನ ಬಾಯಿಗೆ ಬೀಗವೇ ಇಲ್ಲದಂತಾಯಿತು. ಸುಮ್ಮನಿರುವುದಾದರೂ ಹೇಗೆ? ಹಲಸಿನಕೊಪ್ಪದಿಂದ ನಿಟ್ಟೂರು ರಸ್ತೆಯ ಹಾಲಿನ ಡೈರಿಗೆ ಹೋಗುವ ಕಾಲುದಾರಿ ಆ ತೋಟದ ಅಂಚಿನಲ್ಲೇ ಹಾದುಹೋಗುತ್ತಿತ್ತು. ಮದುವೆಯಾಗಿ ಬಂದ ಲಾಗಾಯ್ತು ಅವಳು ನಡೆದದ್ದು ಅದರಲ್ಲೇ. ಈಗ ಹಳ್ಳ ಬಳಸಿ, ಕಾಲುಸಂಕ ದಾಟಿ, ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಹಾಲಿನ ವ್ಯಾನು ಹೋಗಿಬಿಟ್ಟಿರುತ್ತಿತ್ತು. ತಂದ ಹಾಲು ತಿರುಗಿ ಮನೆಗೆ. ಒಂಟಿ ಹೆಂಗಸು, ಮೊಸರು ಮಜ್ಜಿಗೆ ಅಂತ ಎಷ್ಟೆಂದು ಕುಡಿದಾಳು? ಹೀಗೇ ಆದರೆ ಕೊಟ್ಟಿಗೆ ಖಾಲಿ ಮಾಡಬೇಕಲ್ಲ ಎಂದು ನೆನೆದಾಗಲೆಲ್ಲ ಅವಳು ಎದ್ದು ಹೋಗಿ ದನಗಳ ಹತ್ತಿರ ನಿಲ್ಲುತ್ತಿದ್ದಳು. ದನಗಳನ್ನು ಮಾರಿದ ಮೇಲೆ ಬೆಳಗಾಗೆದ್ದು ಯಾರನ್ನು ಬೈಯುವುದು, ಯಾರ ಮೈ ಸವರುವುದು?

ಸಂಬಂಧದಲ್ಲಿ ಸುರೇಂದ್ರ ಅವಳಿಗೆ ಮಗನಾಗಬೇಕು, ಗಂಡನ ದಾಯಾದಿಯ ಮಗ. ಕೇಳಲು ಹೋದರೆ ಕುರ್ಚಿ ಕೊಟ್ಟು, ಕಾಫಿಯನ್ನೂ ಕೊಟ್ಟು, ಆಮೇಲೆ ಹೇಳಿದ: “ಚಿಕ್ಕಮ್ಮ, ಅಲ್ಲಿ ದಾರಿ ಅಂತ ಯಾವತ್ತೂ ಇರ್ಲೇ ಇಲ್ಲ. ಇತ್ತು ಅಂತಾದ್ರೆ ನಕಾಶೆ ತೋರ್ಸಿ, ನಾಳೆನೇ ಬೀಗ ತೆಗೀತೀನಿ.”

ಪಂಚಾಯ್ತಿ ಮೆಂಬರ್ ಹೂವಯ್ಯನಿಗೆ ದೂರು ಕೊಟ್ಟದ್ದಾಯಿತು. ಅವನು ಎಲೆಗೆ ಸುಣ್ಣ ಸವರುತ್ತ, “ನಕಾಶೆ ಇದ್ರೆ ತಗಂಡ್ ಬಾ ವೆಂಕಮ್ಮ, ನೋಡುವ” ಎಂದ. ನಕಾಶೆ ಎಂದರೆ ಅವಳ ಹಿತ್ತಲಲ್ಲಿ ಬೆಳೆಯುವ ಬಸಳೆಯೇ, ಕೊಯ್ದುಕೊಂಡು ಹೋಗಲು?

ಆದರೆ ನಕಾಶೆ ತಾನಾಗಿಯೇ ಬಂತು, ಅದೂ ಸ್ಕೂಟರಿನ ಮೇಲೆ. ತಂದವಳು ಸಾಗರದ ಅಪೇಕ್ಷಾ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ನೂರು ವರ್ಷದ ಹಿಂದಿನ ಸರ್ವೆ ನಕಾಶೆಗಳನ್ನು ಹಿಡಿದುಕೊಂಡು ಊರೂರು ತಿರುಗುತ್ತಿದ್ದಳು. ಯಾವ ಕೆರೆ ಮುಚ್ಚಿತು, ಕಾನುಕಾಡು ಎಷ್ಟು ಕರಗಿತು, ಎತ್ತಿನ ಗಾಡಿಯ ದಾರಿಗಳು ಎಲ್ಲಿ ಹೋದವು ಎಂದು ನೋಡಿ, ಇವತ್ತಿನ ಹೊಸ ನಕಾಶೆ ಬರೆಯುವುದು ಅವಳ ಕೆಲಸ. ನೀರು ಕೇಳಲು ಬಂದವಳನ್ನು ವೆಂಕಮ್ಮ ಬಿಡುತ್ತಾಳೆಯೇ? ಕೂರಿಸಿ ಕಡುಬು ಬಡಿಸಿದಳು, ಜೊತೆಗೆ ತನ್ನ ದಾರಿಯ ಕಥೆಯನ್ನೂ ಬಡಿಸಿದಳು.

ಅಪೇಕ್ಷಾ ಕೈ ತೊಳೆದು ನಕಾಶೆಯನ್ನು ಚಾಪೆಯ ಮೇಲೆ ಹರಡಿದಳು. ಮೊಬೈಲಿನಲ್ಲಿ ಈಗಿನ ಚಿತ್ರ ತೆಗೆದು ಒಂದಕ್ಕೊಂದು ತಾಳೆ ನೋಡಿದಳು. ಆಮೇಲೆ ಅವಳ ಮುಖ ಚಿಕ್ಕದಾಯಿತು.

“ಅಮ್ಮ, ನೀವು ಹೇಳೋ ಕಾಲುದಾರಿ ಇದ್ರಲ್ಲಿ ಇಲ್ಲ. ಆಗ ಅಲ್ಲೆಲ್ಲ ಬರೀ ಕಾಡು. ಗಾಡಿದಾರಿ ಒಂದು ಇದೆ. ಆದ್ರೆ ಅದು…”

“ಎಂತದ್ದು? ಹೇಳು ಮಾರಾಯ್ತಿ.”

“ನಿಮ್ಮ ಅಡುಗೆಮನೆ ಒಳಗೇ ಹೋಗುತ್ತೆ.”

ವೆಂಕಮ್ಮ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. “ಅದಕ್ಕೇ ಅಲ್ಲನಾ, ಊರಿನ ನಾಯಿಗಳೆಲ್ಲ ಇಲ್ಲಿಗೇ ನುಗ್ಗೋದು! ಅವಕ್ಕೆ ಗೊತ್ತಿದೆ, ಸರ್ಕಾರಿ ರಸ್ತೆ ಅಂತ.” ನಕ್ಕು ಮುಗಿದ ಮೇಲೆ ಮಾತ್ರ ಎದೆ ಭಾರವಾಯಿತು. ಇದ್ದ ಒಂದು ಆಸೆಯೂ ಹೋಯಿತು ಅಂತ ಅನ್ನಿಸಿ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಳ್ಳುತ್ತ, ಕೇಳಬೇಕಲ್ಲ ಅಂತ ಕೇಳಿದಳು: “ಆಮೇಲೆ ಅದು ಎಲ್ಲಿಗೆ ಹೋಗುತ್ತೆ ಮಗಾ?”

ಅಪೇಕ್ಷಾಳ ಬೆರಳು ನಕಾಶೆಯ ಮೇಲೆ ಮುಂದೆ ಸರಿಯಿತು. ಅದು ಎಲ್ಲೆಲ್ಲಿ ಹಾಯಿತು ಎಂದು ಈಗಲೇ ಹೇಳಿಬಿಟ್ಟರೆ ಮಜಾ ಏನು ಉಳಿಯಿತು? ವೆಂಕಮ್ಮ ಆ ಬೆರಳನ್ನೇ ಎವೆಯಿಕ್ಕದೆ ನೋಡಿದಳು, ಎದ್ದು ಹೋಗಿ ಹುಡುಗಿಗೆ ಇನ್ನೆರಡು ಕಡುಬು ತಂದು ಹಾಕಿದಳು. ಒತ್ತಾಯ ಮಾಡಿ ತುಪ್ಪವನ್ನೂ ಸುರಿದಳು.

“ಸಂಜೆ ಇದನ್ನ ಡೈರಿಗೆ ತಗಂಡ್ ಹೋಗುವ. ಇಷ್ಟು ದೊಡ್ಡ ಕಾಗದ ಆ ಜಗುಲಿ ಮೇಲೆ ಎಲ್ಲಿ ಹಿಡಿಯುತ್ತೆ? ಅರ್ಧಕ್ಕೆ ಮಡಿಸು. ನನ್ನ ಮನೆ ಇರೋ ಅರ್ಧ ಮೇಲೆ ಕಾಣ್ಲಿ.”

“ಪೂರ್ತಿ ತೋರಿಸ್ಬೇಕಲ್ವಾ ಅಮ್ಮ?”

“ಅಯ್ಯೋ, ತೋರ್ಸುವ. ಒಂದೇ ಸಲಕ್ಕೆ ಎಂತಕ್ಕೆ?”

ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿಯ ಜಗುಲಿ ತುಂಬಿತ್ತು. ಹೂವಯ್ಯ ಬೆಂಚಿನ ಮೇಲೆ ಕೂತಿದ್ದ. ಸುರೇಂದ್ರ ಹೆಂಡತಿ ತನುಜಾಳ ಜೊತೆಗೇ ಬಂದ. ಹೊಸ ಮನೆಯ ಗೃಹಪ್ರವೇಶವಾದ ಮೇಲೆ ಆ ದಂಪತಿ ಎಲ್ಲಿ ಹೋದರೂ ಜೊತೆಯಾಗಿಯೇ ಹೋಗುತ್ತಿದ್ದರು, ಮನೆಯ ವರ್ಣನೆಗೆ ಇಬ್ಬರು ಬೇಕಲ್ಲ!

“ನಕಾಶೆ ಕೇಳಿದ್ಯಲ್ಲ ಸುರೇಂದ್ರ, ತಂದಿದೀನಿ” ಎಂದಳು ವೆಂಕಮ್ಮ. ಅವಳ ದನಿಯಲ್ಲಿ ಎಲ್ಲಿಲ್ಲದ ನಮ್ರತೆ. ಇವಳು ನಮ್ರವಾದಳೆಂದರೆ ಎಲ್ಲೋ ಏನೋ ಕಾದಿದೆ ಎಂದು ಊರಿಗೆಲ್ಲ ಗೊತ್ತು. ಸುರೇಂದ್ರನಿಗೆ ಮಾತ್ರ ಹೊಳೆಯಲಿಲ್ಲ.

ಅವನು ಬಾಗಿ ನೋಡಿದ. ತೋಟದ ಜಾಗದಲ್ಲಿ ದಾರಿಯ ಸುಳಿವೇ ಇಲ್ಲ. ಚುಕ್ಕಿಚುಕ್ಕಿಯ ಗಾಡಿದಾರಿ ನೆಟ್ಟಗೆ ಬಂದು ವೆಂಕಮ್ಮನ ಮನೆಯ ಜಾಗಕ್ಕೆ ನುಗ್ಗಿತ್ತು. ಅವನ ಮುಖ ಊರಗಲವಾಯಿತು.

“ನೋಡಿ ಹೂವಯ್ಯಗೌಡ್ರೇ, ನೋಡಿ! ನನ್ನ ತೋಟದಲ್ಲಿ ದಾರಿ ಇಲ್ಲ. ದಾರಿ ಮೇಲೆ ಮನೆ ಕಟ್ಟಿರೋದು ಚಿಕ್ಕಮ್ಮನೇ!”

“ಹಳೇ ನಕಾಶೆ ಸರ್, ನಾಲ್ಕಾರು ಮಾರು ಹೆಚ್ಚುಕಮ್ಮಿ ಇರ್ಬಹುದು…” ಎಂದು ಅಪೇಕ್ಷಾ ನಡುವೆ ಹೇಳಲು ಹೋದಳು.

“ಹೆಚ್ಚುಕಮ್ಮಿ ಎಂತದ್ದು ಮೇಡಂ? ಆಗಿನವರು ಸರಪಳಿ ಹಿಡಿದು ಅಳೆದಿದ್ದು. ಒಂದು ಗೇಣೂ ಆಚೀಚೆ ಇರಲ್ಲ!”

“ಅಂದ್ರೆ ದಾರಿ ಬಿಡಿಸ್ಬೇಕು ಅಂತೀಯಾ?” ವೆಂಕಮ್ಮ ಮೆಲ್ಲಗೆ ಕೇಳಿದಳು. “ನನ್ನ ಒಲೆ, ನನ್ನ ಒರಳುಕಲ್ಲು…”

“ಚಿಕ್ಕಮ್ಮ, ನಂಗೂ ಬೇಜಾರೇ. ಆದ್ರೆ ನಕಾಶೆ ಅಂದ್ರೆ ನಕಾಶೆ. ದಾರಿ ಮೇಲೆ ಯಾರೇ ಕಟ್ಟಿರ್ಲಿ, ಒಡೀಲೇಬೇಕು. ಮುಖ ನೋಡೋ ಹಾಗಿಲ್ಲ.”

“ಯಾರೇ ಕಟ್ಟಿದ್ರೂ?”

“ಯಾರೇ ಕಟ್ಟಿದ್ರೂ!”

“ಹೂವಯ್ಯನವರು ಕೇಳಿಸ್ಕಂಡ್ರಲ್ಲ?”

“ಕೇಳಿಸ್ತು” ಎಂದ ಹೂವಯ್ಯ. ಎಲೆ ಮಡಿಸುವುದನ್ನೂ ನಿಲ್ಲಿಸಿದ್ದ.

“ಸರಿ ಹಾಗಾದ್ರೆ. ನಾಳೆ ಬೆಳಿಗ್ಗೆನೇ ಗೋಡೆ ತೆಗೆಸ್ತೀನಿ. ಈಗ ಉಳಿದಿದ್ದು ಬಿಚ್ಚು ಮಗಾ.”

ಅಪೇಕ್ಷಾ ಮಡಿಕೆ ಬಿಚ್ಚಿದಳು. ವೆಂಕಮ್ಮನ ಮನೆಯಿಂದ ಹೊರಬಿದ್ದ ಗಾಡಿದಾರಿ ದಿಣ್ಣೆ ಸುತ್ತಿ, ಹಳ್ಳ ಹಾಯ್ದು, ನಿಟ್ಟೂರು ಕಡೆಗೆ ಹೋಗುತ್ತಿತ್ತು. ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಹೋಗುವ ಮುಂಚೆ ಸುರೇಂದ್ರನ ಹೊಸ ಮನೆಯ ಜಾಗವನ್ನು ನಟ್ಟನಡುವೆ ಸೀಳಿಕೊಂಡು ಹೋಗಿತ್ತು. ಮೊಬೈಲಿನ ಚಿತ್ರವನ್ನು ಪಕ್ಕಕ್ಕಿಟ್ಟು ಅಪೇಕ್ಷಾ ಒಂದೊಂದಾಗಿ ತೋರಿಸಿದಳು. ಇಲ್ಲಿ ಕಾರು ನಿಲ್ಲಿಸುವ ಪೋರ್ಟಿಕೋ, ಇದು ಹಾಲ್, ಇಲ್ಲಿ ದೇವರಕೋಣೆ, ಹೊರಗೆ ಬರುವುದು ಬಚ್ಚಲಿನಿಂದ.

ಜಗುಲಿಯಲ್ಲಿ ಯಾರೋ ಕೆಮ್ಮಿದರು, ಇನ್ಯಾರೋ ಅದನ್ನು ನಗು ಮಾಡಿದರು.

“ಎತ್ತಿನ ಗಾಡಿ ಹಾಲ್‌ನಲ್ಲಿ ಹೋಗುವಾಗ ಟಿವಿ ಸ್ವಲ್ಪ ಸಣ್ಣಕ್ಕೆ ಇಟ್ಕಳಿ, ಎತ್ತು ಬೆದರ್ತವೆ” ಎಂದಳು ವೆಂಕಮ್ಮ.

ಸುರೇಂದ್ರ ನಕಾಶೆಯನ್ನು ತಿರುಗಿಸಿ ನೋಡಿದ, ಕನ್ನಡಕ ತೆಗೆದು ನೋಡಿದ. “ಇದು… ಹಳೇ ಕಾಲದ್ದು. ಸ್ವಲ್ಪ ಹೆಚ್ಚುಕಮ್ಮಿ…”

“ಗೇಣೂ ಆಚೀಚೆ ಇಲ್ಲ ಅಂದ್ಯಲ್ಲೋ!” ಹೂವಯ್ಯ ತೊಡೆ ತಟ್ಟಿದ.

ತನುಜಾಳಿಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಮನೆಯ ಹೊಗೆಯಲ್ಲಿ ಕಾದು ಕಾದು ಕಟ್ಟಿಸಿಕೊಂಡ ಮನೆ. “ನನ್ನ ಮನೆ ಒಂದು ಇಟ್ಟಿಗೆ ಮುಟ್ಟಿದ್ರೆ ನೋಡಿ ಮತ್ತೆ! ಒಂದು ಗೇಟಿಗೋಸ್ಕರ ಮನೇನೇ ಕಳ್ಕೋತೀರಾ?” ಎಂದು ಗಂಡನ ಜೇಬಿಗೇ ಕೈ ಹಾಕಿ ಬೀಗದ ಕೈ ಎಳೆದು, ವೆಂಕಮ್ಮನ ಮುಂದೆ ಹಿಡಿದಳು.

ವೆಂಕಮ್ಮ ಮುಟ್ಟಲಿಲ್ಲ. “ಬೀಗದ ಕೈ ಇಸ್ಕಂಡು ನಾನೆಂತ ಮಾಡ್ಲಿ? ಅಲ್ಲಿ ದಾರಿನೇ ಇರ್ಲಿಲ್ವಲ್ಲ.”

ಸುರೇಂದ್ರ ನೆಲ ನೋಡಿದ. “ಇತ್ತು ಚಿಕ್ಕಮ್ಮ.”

“ಗಟ್ಟಿ ಹೇಳು. ಹೂವಯ್ಯನವರಿಗೆ ಕಿವಿ ಮಂದ.”

ಇರುವೆ ಹರಿದರೂ ಕೇಳಿಸುವಂಥ ಕಿವಿಯ ಹೂವಯ್ಯ, ಕಿವಿಗೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿದ.

“ಇತ್ತು! ನಾನು ಹುಟ್ಟೋಕೂ ಮುಂಚೆಯಿಂದ ಇತ್ತು! ಎಲ್ರೂ ಅದ್ರಲ್ಲೇ ಓಡಾಡ್ತಿದ್ರು! ಸಾಕಾ?”

ವೆಂಕಮ್ಮನಿಗೆ ಸಾಕಾಗಿತ್ತು. ತನುಜಾಳ ಕೈಯಿಂದ ಬೀಗದ ಕೈ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿ, ಅವಳು ಜಗುಲಿಯ ಮೇಲೆ ಕುಕ್ಕರಿಸಿದಳು.

ಅಪೇಕ್ಷಾ ತನ್ನ ಹೊಸ ನಕಾಶೆ ತೆಗೆದಳು. “ಸರ್, ನೀವು ಹೇಳಿದ್ದು ಅಂತ ಈ ದಾರಿ ಇಲ್ಲಿ ಹಾಕ್ಲಾ?”

ಸುರೇಂದ್ರ ಹೆಂಡತಿಯ ಮುಖ ನೋಡಿ, “ಹಾಕಿ” ಎಂದ.

ಪೆನ್ಸಿಲಿನಿಂದ ತೋಟದ ಅಂಚಿಗೆ ಚುಕ್ಕಿಗಳು ಒಂದೊಂದಾಗಿ ಬಿದ್ದವು. ವೆಂಕಮ್ಮ ಕತ್ತು ಚಾಚಿ ನೋಡಿದಳು.

“ಸ್ವಲ್ಪ ಅಗಲಕ್ಕೆ ಹಾಕು ಮಗಾ” ಎಂದಳು. “ಎದುರಿಗೆ ಸುರೇಂದ್ರ ಬಂದ್ರೂ ದಾಟ್ಕಂಡು ಹೋಗೋ ಹಾಗಿರ್ಲಿ.”