ಪುಟ್ಟಿಯ ಮೂಲೆ

ಪುಟ್ಟಿಗೆ ಹೈಸ್ಕೂಲು ಓದುವ ಮಗಳಿದ್ದಳು, ತಲೆಯಲ್ಲಿ ನಾಲ್ಕಾರು ಬಿಳಿಕೂದಲೂ ಇದ್ದವು. ಆದರೂ ದೊಡ್ಡಮ್ಮನ ಮನೆಯಲ್ಲಿ ಅವಳು ಇನ್ನೂ ಪುಟ್ಟಿಯೇ. ಉಡುಪಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕೆಲಸವಿಲ್ಲದೆ ಕೂತಿದ್ದ ಅವಳನ್ನು ದೊಡ್ಡಮ್ಮನೇ ಕರೆಸಿಕೊಂಡಿದ್ದಳು. "ಹೊಲಿಗೆ ಬರುತ್ತಲ್ಲ, ಬಾ, ನಮ್ಮ ಜೊತೆ ಕೌದಿ ಹೊಲಿ. ಕೈ ಖಾಲಿ ಇದ್ರೆ ತಲೆ ಕೆಡುತ್ತೆ."

ಹೊಲಿಗೆ ಬರುತ್ತಿತ್ತು ನಿಜ, ಆದರೆ ಅದು ಮಿಷನ್ನಿನ ಹೊಲಿಗೆ. ಕಾಲಲ್ಲಿ ಒತ್ತಿದರೆ ಗೆರೆ ಎಳೆದ ಹಾಗೆ ಓಡುತ್ತಿತ್ತು. ಕೈಯಲ್ಲಿ ಸೂಜಿ ಹಿಡಿದ ಮೊದಲ ದಿನವೇ ಅವಳ ಬಂಡವಾಳ ಬಯಲಾಯಿತು. ಒಂದು ಹೊಲಿಗೆ ಗೋಧಿಕಾಳಿನಷ್ಟು, ಇನ್ನೊಂದು ಹುಣಸೆಬೀಜದಷ್ಟು. ದೊಡ್ಡಮ್ಮನ ಮಗಳು, ಪುಟ್ಟಿಗೆ ಅಕ್ಕ, ನಕ್ಕೂ ನಕ್ಕೂ ಸುಸ್ತಾಗಿ, "ಮಿಷನ್ನಿಗೆ ಕರೆಂಟು ಹೋಗಿದೆ ಅಮ್ಮಾ" ಎಂದಳು.

ದೊಡ್ಡಮ್ಮ ನಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ದಪ್ಪ ಕಾಗದದ ಮೇಲೆ ಬಿಡಿಸಿದ ಎಲೆಯ ನಕ್ಷೆ, ಅದರ ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿದ ತೂತುಗಳು. ಕಾಗದವನ್ನು ಬಟ್ಟೆಯ ಮೇಲಿಟ್ಟು, ನೀಲಿ ಸೀಮೆಸುಣ್ಣದ ಪುಡಿ ಕಟ್ಟಿದ ಬಟ್ಟೆಗಂಟನ್ನು ಮೆಲ್ಲಗೆ ತಟ್ಟಿದರೆ, ಕಾಗದ ಎತ್ತಿದಾಗ ನೀಲಿ ಚುಕ್ಕಿಗಳ ಸಾಲು ಮೂಡಿರುತ್ತಿತ್ತು. "ಗೆರೆ ನೋಡಬೇಡ, ಮುಂದಿನ ಚುಕ್ಕಿ ನೋಡು. ಚುಕ್ಕಿಯಲ್ಲಿ ಇಳಿ, ಚುಕ್ಕಿಯಲ್ಲಿ ಏಳು. ಮೇಲೆ ಎಷ್ಟು ದಾರ ಕಾಣುತ್ತೋ ಕೆಳಗೂ ಅಷ್ಟೇ ಕಾಣಬೇಕು. ಕೆಳಗಿರೋ ಬೆರಳಿಗೆ ಸೂಜಿಮೊನೆ ತಾಗಿತಾ? ಸಾಕು, ಹಿಂದಕ್ಕೆ ವಾಲಿಸು. ಸೂಜಿ ತುಂಬ ನಾಲ್ಕು ಹೊಲಿಗೆ ಆದ ಮೇಲೆ ಎಳಿ. ಒಂದೊಂದೇ ಎಳೆದ್ರೆ ಒಂದೊಂದೂ ಒಂದೊಂದು ಅಳತೆ."

ಕೆಲಸದ ಕೋಣೆ ರಸ್ತೆಗೆ ತಾಗಿಕೊಂಡೇ ಇತ್ತು. ಎದುರಿಗೆ ಸೈಕಲ್ ರಿಪೇರಿ ಅಂಗಡಿ; ದಿನವಿಡೀ ಗಾಳಿ ಹೊಡೆಯುವ ಸದ್ದು. ಕೋಣೆಯ ನಡುವೆ ಒಂದು ಹಳೆಯ ಗುಂಡು ಮೇಜು, ಅದರ ಮೇಲೆ ಮರದ ದೊಡ್ಡ ಚೌಕಟ್ಟು, ಚೌಕಟ್ಟಿಗೆ ಬಿಗಿದ ಕೌದಿ. ಮೇಜು ಚಿಕ್ಕದಾದ್ದರಿಂದ ಚೌಕಟ್ಟಿನ ನಾಲ್ಕೂ ಮೂಲೆಗಳು ಹೊರಗೆ ಚಾಚಿಕೊಂಡು, ಕೈಯನ್ನು ಕೆಳಗೆ ತೂರಿಸಲು ಅನುಕೂಲವಾಗಿತ್ತು. ಕಿಟಕಿಯ ಹತ್ತಿರದ ಮೂಲೆ ದೊಡ್ಡಮ್ಮನದು. ಅವಳ ಬಲಕ್ಕೆ ಅಕ್ಕ. ಕಿಟಕಿಗೆ ಎದುರಾಗಿ ಪುಟ್ಟಿ. ಗೋಡೆ ಕಡೆಯ ನಾಲ್ಕನೆಯ ಮೂಲೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಧೂಳು ಬೀಳದಂತೆ ಅದರ ಮೇಲೊಂದು ಹಳೆಯ ಹೊದಿಕೆ. ಆ ಸಲದ ಕೌದಿಗೆ ತೆಳುಹಳದಿ ಬಟ್ಟೆ, ನಾಲ್ಕು ಮೂಲೆಗೂ ಒಂದೇ ಎಲೆಬಳ್ಳಿ. ಒಂದು ಮೂಲೆ ನೋಡಿದರೆ ನಾಲ್ಕೂ ನೋಡಿದ ಹಾಗೆ.

ಒಂದು ವಾರ ಕಳೆಯುವಷ್ಟರಲ್ಲಿ ಪುಟ್ಟಿಗೆ ಅದೇನೋ ಸರಿಯಿಲ್ಲ ಅನ್ನಿಸಿತು. ಸಂಜೆ ಅವಳು ಬಿಟ್ಟು ಹೋದದ್ದು ಸೊಟ್ಟಸೊಟ್ಟ ಹೊಲಿಗೆ. ಬೆಳಿಗ್ಗೆ ಬಂದು ಅದೇ ಸ್ಟೂಲಿನ ಮೇಲೆ ಕೂತು ನೋಡಿದರೆ ಮುತ್ತು ಪೋಣಿಸಿದಂಥ ಸಾಲು! ಮೊದಲ ದಿನ ಖುಷಿಪಟ್ಟಳು. ಎರಡನೆಯ ದಿನ ಕಣ್ಣುಜ್ಜಿಕೊಂಡಳು. ಎಲೆಯ ತುದಿಯಲ್ಲಿ ದಾರ ಗಂಟಾಗಿ ಬೈದುಕೊಂಡದ್ದು ಚೆನ್ನಾಗಿ ನೆನಪಿತ್ತು. ಆ ಗಂಟೇ ಇಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತದೆ, "ಕೈ ಪಳಗಿರಬೇಕು ಬಿಡು" ಎಂದ.

"ಪಳಗೋದಾದ್ರೆ ನಾನು ಹೊಲಿಯುವಾಗ ಪಳಗಬೇಕು ತಾನೆ? ನಾನು ಮನೆಗೆ ಬಂದ ಮೇಲೆ ಹೇಗೆ ಪಳಗುತ್ತೆ?"

ಅವನು ಇನ್ನೊಂದು ಸೌಟು ಸಾರು ಬಡಿಸಿಕೊಂಡ.

ಪುಟ್ಟಿ ಒಂದು ಉಪಾಯ ಮಾಡಿದಳು. ಸಂಜೆ ಹೊರಡುವಾಗ ತಾನು ಹೊಲಿದ ಎಲೆಯ ಬುಡಕ್ಕೆ ಕೆಂಪು ದಾರದ ಒಂದು ಎಳೆ ಸಿಕ್ಕಿಸಿ ಬಂದಳು. ಬೆಳಿಗ್ಗೆ ಎಳೆ ಮಾಯ. ಅಕ್ಕ ಮಾತ್ರ ತನ್ನ ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ಏನನ್ನೋ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಪುಟ್ಟಿ ಬಂದದ್ದು ಕಂಡು ಕತ್ತರಿಯನ್ನು ಮಡಿಲಿಗೆ ಸರಿಸಿದಳು. ಪುಟ್ಟಿಗೆ ಹೊಳೆಯಿತು. ಓಹೋ, ಇವಳದ್ದಾ ಈ ಕೆಲಸ! ನನ್ನದನ್ನು ಬಿಚ್ಚಿ ತಾನು ಹೊಲಿದಿಡುತ್ತಾಳೆ, ಮುಖಕ್ಕೆ ಹೇಳುವುದಕ್ಕೆ ಸಂಕೋಚ. ಅಷ್ಟು ಕೆಟ್ಟದಾಗಿದ್ದರೆ ಬೇಡ ಅನ್ನಬಹುದಿತ್ತಲ್ಲ? ಆದರೂ ಕೇಳಲು ಬಾಯಿ ಬರಲಿಲ್ಲ. ಕೆಲಸ ಕೊಟ್ಟವರ ಮನೆ, ಅದೂ ಸ್ವಂತ ದೊಡ್ಡಮ್ಮನ ಮನೆ.

ಹೀಗಿರುವಾಗ ಒಂದು ದಿನ ಅಕ್ಕ ಬಟ್ಟೆ ತರಲು ಬೆಳಗಿನ ಬಸ್ಸಿಗೇ ಹೋಗಿದ್ದಳು. ದೊಡ್ಡಮ್ಮ ಒಳಗೆ ಸ್ನಾನ ಮಾಡುತ್ತಿದ್ದಳು. ಪುಟ್ಟಿ ಬಾಗಿಲು ತೆಗೆದು, ತನ್ನ ಸ್ಟೂಲಿನಲ್ಲಿ ಕೂತು, ತನ್ನ ಮುಂದಿದ್ದ ಮೂಲೆ ನೋಡಿದಳು.

ಇದನ್ನು ಹೊಲಿಗೆ ಅನ್ನುವುದಾದರೂ ಹೇಗೆ? ದಾರ ಚುಕ್ಕಿ ಬಿಟ್ಟು ಎತ್ತಲೋ ಹೋಗಿತ್ತು. ಒಂದು ಕಡೆ ಮೂರು ಚುಕ್ಕಿ ಹಾರಿತ್ತು, ಇನ್ನೊಂದು ಕಡೆ ಒಂದೇ ತೂತಿನಲ್ಲಿ ಎರಡು ಸಲ ಇಳಿದಿತ್ತು. ಎಲೆ ಎಲೆಯಾಗಿರದೆ ಹುಳು ತಿಂದ ಹಾಗಿತ್ತು. ಅಕ್ಕ ಇಲ್ಲದ ದಿನ ತನ್ನ ಅಸಲಿ ಹೊಲಿಗೆ ಕಾಣಿಸಿಕೊಂಡಿದೆ ಎಂದುಕೊಂಡಳು ಪುಟ್ಟಿ. ಇಷ್ಟು ಕೆಟ್ಟದಾಗಿತ್ತೇ? ನಿನ್ನೆ ಹೊಲಿಯುವಾಗ ಇಷ್ಟಿರಲಿಲ್ಲವಲ್ಲ? ದೊಡ್ಡಮ್ಮ ಬರುವುದರೊಳಗೆ ಮುಗಿಸಬೇಕೆಂದು ಕತ್ತರಿ ಹಿಡಿದು ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.

ಅರ್ಧ ಎಲೆ ಬಿಚ್ಚಿದ್ದಳೋ ಇಲ್ಲವೋ, ದೊಡ್ಡಮ್ಮ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದೇ ಬಿಟ್ಟಳು.

"ಏನೇ ಅದು, ಬೆಳಿಗ್ಗೆ ಬೆಳಿಗ್ಗೆ ಬಿಚ್ಚೋ ಕೆಲಸ?"

"ಏನಿಲ್ಲ ದೊಡ್ಡಮ್ಮ. ನಿನ್ನೆ ಸ್ವಲ್ಪ ತಪ್ಪಾಗಿತ್ತು."

ದೊಡ್ಡಮ್ಮ ಬಗ್ಗಿದಳು. ಕನ್ನಡಕವನ್ನು ಮೂಗಿನ ತುದಿಗೆ ತಂದಳು, ಮೇಲಕ್ಕೆ ತಳ್ಳಿದಳು, ಮೂಗು ಬಟ್ಟೆಗೆ ತಾಗುವಷ್ಟು ಹತ್ತಿರ ಹೋದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಗಳೇ, ಕೋಳಿ ಕೆದರಿದ ಹಾಗಿದೆಯಲ್ಲೇ! ಇರಲಿ ಬಿಡು, ಎಲ್ಲರ ಕೈಯೂ ಮೊದಲು ಹೀಗೇ. ಅಳಬೇಡ."

ಪುಟ್ಟಿ ಅಳುತ್ತಿರಲಿಲ್ಲ, ಈಗ ಅಳು ಬಂತು. "ದಿನಾ ಇದೇ ಜಾಗದಲ್ಲಿ ಕೂತು ದಿನಾ ಇದೇ ಮೂಲೆ ಹೊಲೀತೀನಿ, ಆದರೂ ನನ್ನ ಕೈ ನನಗೇ ಅರ್ಥ ಆಗ್ತಿಲ್ಲ ದೊಡ್ಡಮ್ಮ."

"ಇದೇ ಮೂಲೆನಾ? ಎಲ್ಲಿ ಇದೇ ಮೂಲೆ? ದಿನಾ ಸಂಜೆ ಚೌಕಟ್ಟು ಒಂದು ಮೂಲೆಯಷ್ಟು ತಿರುಗಿಸ್ತಾಳಲ್ಲ ನಿಮ್ಮಕ್ಕ. ಒಂದೇ ಕಡೆ ಎಳೆತ ಬಿದ್ದು ಬಟ್ಟೆ ಜೋಲಬಾರದು ಅಂತ. ನಿಂಗೆ ಹೇಳಿಲ್ವಾ?"

ಪುಟ್ಟಿ ಕಣ್ಣು ಕಣ್ಣು ಬಿಟ್ಟಳು. ಚೌಕಟ್ಟು ತಿರುಗುತ್ತದೆ! ಅಂದರೆ ತನ್ನ ಮೂಲೆ ಗೋಡೆ ಕಡೆಗೆ ಹೋಗುತ್ತದೆ, ಅಕ್ಕನ ಮೂಲೆ ತನ್ನೆದುರಿಗೆ ಬರುತ್ತದೆ. ಮುತ್ತಿನಂಥ ಸಾಲು ಅಕ್ಕನದು. ಎದ್ದು ಹೋಗಿ ಗೋಡೆ ಕಡೆಯ ಹೊದಿಕೆ ಸರಿಸಿದಳು. ಅಲ್ಲಿದ್ದದ್ದು ಅಚ್ಚುಕಟ್ಟಾದ ಸಾಲು. ತನ್ನದಲ್ಲ, ಅಕ್ಕನದು. ಹಾಗಾದರೆ ತನ್ನದೆಲ್ಲಿ? ಹುಡುಕಿದರೆ ಕಿಟಕಿಯ ಹತ್ತಿರ, ದೊಡ್ಡಮ್ಮನ ಸ್ಟೂಲಿನ ಎದುರಿಗೆ ಸಿಕ್ಕಿತು. ಸೊಟ್ಟಗಿತ್ತು, ಆದರೆ ಇಷ್ಟು ಕೆಟ್ಟದಾಗಿರಲಿಲ್ಲ.

"ಒಂದಲ್ಲ ದೊಡ್ಡಮ್ಮ, ಎರಡು ಸಲ ತಿರುಗಿದೆ" ಎಂದಳು, ಸಮಸ್ಯೆ ಬಿಡಿಸಿದ ಸಂತೋಷದಲ್ಲಿ. "ನಂದು ನಿಮ್ಮ ಕಡೆ ಬಂದಿದೆ. ನನ್ನ ಕಡೆ ಬಂದಿರೋದು…"

ಕಿಟಕಿಗೆ ಎದುರು ಪುಟ್ಟಿಯ ಜಾಗ. ಎರಡು ಸಲ ತಿರುಗಿದರೆ ಅಲ್ಲಿಗೆ ಬರುವುದು ಕಿಟಕಿಯ ಮೂಲೆ.

ದೊಡ್ಡಮ್ಮ ಹುಳು ತಿಂದಂಥ ಎಲೆಯ ಮೇಲೆ ಬೆರಳಾಡಿಸಿದಳು. ಬೆರಳು ನಡುಗುತ್ತಿತ್ತು, ಇಷ್ಟು ದಿನ ಅದನ್ನು ಪುಟ್ಟಿ ಗಮನಿಸಿಯೇ ಇರಲಿಲ್ಲ. ಕೊನೆಗೆ, "ನಿಮ್ಮಕ್ಕ ಬೆಳಿಗ್ಗೆ ಬೇಗ ಎದ್ದು ಬಿಚ್ಚಿ ಹೊಲಿಯೋದು ಇದನ್ನಾ?" ಎಂದಳು.

"ನಂಗೊತ್ತಿಲ್ಲ ದೊಡ್ಡಮ್ಮ."

"ಗೊತ್ತಿಲ್ಲದೆ ಇದ್ರೆ ಒಳ್ಳೇದು. ಪೂರ್ತಿ ಬಿಚ್ಚು. ನೀನೇ ಹೊಲಿ. ನಾನು ನೋಡಿದೆ ಅಂತ ಅವಳಿಗೆ ಹೇಳಬೇಡ, ಆಣೆ."

ಸಂಜೆ ಅಕ್ಕ ಬಟ್ಟೆಯ ಗಂಟು ಇಳಿಸಿದವಳೇ ಕೌದಿಯತ್ತ ಓಡಿದಳು. ಪುಟ್ಟಿಯ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಮ್ಮ ನೋಡಿದ್ಲಾ?"

"ಏನನ್ನ?"

"ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ, ನಿನ್ನೆ ಸಂಜೆ ತಿರುಗಿಸಿದ್ನೋ ಇಲ್ವೋ ಅಂತ ಇನ್ನೊಂದು ಸಲ ತಿರುಗಿಸಿಬಿಟ್ಟೆ ಕಣೆ. ದಾರಿಯಲ್ಲಿ ನೆನಪಾಯ್ತು, ಜೀವ ಹೋದಂಗಾಯ್ತು. ಅಮ್ಮಂಗೆ ಕಣ್ಣು ಮಂಜು. ಹೇಳಿದ್ರೆ ಕುಸಿದುಹೋಗ್ತಾಳೆ. ನೀನು ಏನೂ ಅನ್ನಬೇಡ, ಆಣೆ."

ಪುಟ್ಟಿ ಎರಡನೆಯ ಆಣೆಯನ್ನೂ ಇಟ್ಟಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಯಾರ ಆಣೆ ಯಾವುದು, ಯಾರಿಗೆ ಏನು ಗೊತ್ತಿಲ್ಲ ಅಂತ ನಟಿಸಬೇಕು ಎಂದು ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟು, ತನ್ನ ಬೀದಿ ದಾಟಿ ಮುಂದಿನ ಬೀದಿಗೆ ಹೋಗಿಬಿಟ್ಟಿದ್ದಳು.

ಅಲ್ಲಿಂದ ಮುಂದೆ ಕೋಣೆಯಲ್ಲಿ ಒಂದು ವಿಚಿತ್ರ ನಾಟಕ ನಡೆಯಿತು. ದೊಡ್ಡಮ್ಮ ಎಂದಿನಂತೆ ಹೊಲಿದಳು. ಅಕ್ಕ ಎಂದಿನಂತೆ ಸಂಜೆ ತಿರುಗಿಸಿ ಬೆಳಿಗ್ಗೆ ತಿದ್ದಿದಳು. ನಡುವೆ ಪುಟ್ಟಿ ಇಬ್ಬರ ಮುಖವನ್ನೂ ನೋಡಲಾರದೆ ಚುಕ್ಕಿಗಳನ್ನೇ ನೋಡಿದಳು. ಆದರೆ ದೊಡ್ಡಮ್ಮನ ಹೊಲಿಗೆ ದಿನದಿಂದ ದಿನಕ್ಕೆ ಹದಗೆಡುತ್ತ ಹೋಯಿತು. ಒಮ್ಮೆಯಂತೂ ದಾರ ಎಲೆಯನ್ನೇ ಬಿಟ್ಟು ಬರೀ ಬಟ್ಟೆಯ ಮೇಲೆ ಅಡ್ಡಡ್ಡ ಓಡಿತ್ತು. ಅಕ್ಕ ಹಿತ್ತಲ ಬಾಗಿಲಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೈ ಪೂರ್ತಿ ಹೋಯ್ತು ಕಣೆ. ಹೋದ ವಾರ ಹೀಗಿರಲಿಲ್ಲ. ತಲೆಗೇನಾದ್ರೂ ಆಯ್ತಾ ಅಂತ ಭಯ."

ಪುಟ್ಟಿಗೆ ಇನ್ನು ತಡೆಯಲಾಗಲಿಲ್ಲ. ಆಣೆ ಗೀಣೆ ಎಲ್ಲ ಮರೆತು ಅಕ್ಕನನ್ನು ದರದರ ಎಳೆದುಕೊಂಡು ಬಂದು ದೊಡ್ಡಮ್ಮನ ಮುಂದೆ ನಿಲ್ಲಿಸಿದಳು. "ಇವಳು ತಿದ್ದೋದು ನಿಮಗೆ ಗೊತ್ತು. ನಿಮಗೆ ಗೊತ್ತಿರೋದು ಇವಳಿಗೆ ಗೊತ್ತಿಲ್ಲ. ಎರಡೂ ಗೊತ್ತಿರೋದು ನನಗೊಬ್ಬಳಿಗೆ. ನನ್ನ ಕೈಲಿ ಆಗಲ್ಲಪ್ಪ! ನೀವೇ ಮಾತಾಡಿಕೊಳ್ಳಿ!"

ಎದುರಂಗಡಿಯಲ್ಲಿ ಗಾಳಿ ಹೊಡೆಯುತ್ತಿದ್ದವನು ಕೈ ನಿಲ್ಲಿಸಿ ಈ ಕಡೆ ನೋಡಿದ.

ಅಕ್ಕ ಪುಟ್ಟಿಯ ಹಿಡಿತ ಬಿಡಿಸಿಕೊಂಡಳು. "ಅಮ್ಮಾ, ನಿಂಗೆ…"

"ಗೊತ್ತು ಕಣೆ" ಎಂದಳು ದೊಡ್ಡಮ್ಮ. "ನೀನು ಎಲ್ಲಿತನಕ ತಿದ್ದೀಯಾ ನೋಡೋಣ ಅಂತ ಬೇಕಂತಲೇ ಸೊಟ್ಟ ಹೊಲಿದೆ. ಬಾಯಿಬಿಟ್ಟು ಹೇಳ್ತೀಯೇನೋ ಅಂತ ಕಾದೆ."

ಅಕ್ಕನಿಗೆ ಅಳುವುದೋ ಸಿಟ್ಟು ಮಾಡುವುದೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದಳು. "ನಾನು ಇಲ್ಲಿ ಪ್ರಾಣ ಬಿಡ್ತಿದ್ದೀನಿ, ನೀನು ಆಟ ಆಡ್ತೀಯಾ? ಹಾಗಾದ್ರೆ ಇದೆಲ್ಲ ಬೇಕಂತಲೇ ಹೊಲಿದಿದ್ದಾ?"

"ಎಲ್ಲಾ ಅಲ್ಲ."

"ಮತ್ತೆ ಯಾವುದು ಬೇಕಂತ, ಯಾವುದು ನಿಜ?"

ದೊಡ್ಡಮ್ಮ ಕೌದಿಯ ಮೇಲೆ ಬಗ್ಗಿದಳು. ಅಡ್ಡಡ್ಡ ಓಡಿದ ದಾರವನ್ನು ನೋಡಿದಳು, ಪಕ್ಕದ ಎಲೆಯನ್ನು ನೋಡಿದಳು, ಮತ್ತೆ ದಾರವನ್ನು ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಇನ್ನೊಮ್ಮೆ ನೋಡಿದಳು.

"ಅದೇ ನನಗೂ ಗೊತ್ತಾಗ್ತಿಲ್ಲ ಮಗಳೇ" ಎಂದಳು. "ಸೊಟ್ಟ ಹೊಲಿಯೋಣ ಅಂತ ಒಂದು ಸಾಲು ಹಾಕಿದೆ. ನೆಟ್ಟಗೆ ಹೊಲಿಯೋಣ ಅಂತ ಒಂದು ಸಾಲು ಹಾಕಿದೆ. ಈಗ ನೋಡಿದ್ರೆ ಯಾವುದು ಯಾವುದೋ."

ಅಕ್ಕ ಹೋಗಿ ಅಮ್ಮನ ಭುಜಕ್ಕೆ ತಲೆಯಿಟ್ಟಳು. ದೊಡ್ಡಮ್ಮ ಅವಳ ಬೆನ್ನು ತಟ್ಟುತ್ತ, ಪುಟ್ಟಿಯ ಕಡೆ ನೋಡಿ, "ಆಣೆ ಮುರಿದವಳೇ, ನೀರಿಡು, ಟೀ ಮಾಡು" ಎಂದಳು.

ಮುಂದಿನ ವಾರ ಕಣ್ಣಿನ ಡಾಕ್ಟರರ ಹತ್ತಿರ ಹೋದರು. ಪೊರೆ ಬಂದಿತ್ತು. ಒಂದೊಂದೇ ಕಣ್ಣಿಗೆ ಆಪರೇಷನ್ ಆಯಿತು. ಕಣ್ಣು ಚೆನ್ನಾಯಿತು, ಕೈಯ ನಡುಕ ಹೋಗಲಿಲ್ಲ. ಅದಕ್ಕೆ ಮದ್ದು ಕೊಡಬಹುದು, ಪೂರ್ತಿ ನಿಲ್ಲಿಸಲಾಗದು ಎಂದರು. ದೊಡ್ಡಮ್ಮ ಒಂದು ದಿನ ಸೂಜಿ ಹಿಡಿದು, ಹೊಸ ಕಣ್ಣಿನಲ್ಲಿ ತನ್ನ ಹೊಲಿಗೆಯನ್ನು ಸರಿಯಾಗಿ ನೋಡಿ, ಸೂಜಿಯನ್ನು ತಾನೇ ಸೂಜಿಮೆತ್ತೆಗೆ ಚುಚ್ಚಿಟ್ಟಳು. ಆ ಮಧ್ಯಾಹ್ನ ಊಟ ಮಾಡಲಿಲ್ಲ. ಮರುದಿನ ಸೀಮೆಸುಣ್ಣದ ಪುಡಿಯ ಗಂಟು ಎತ್ತಿಕೊಂಡಳು. ಕಾಗದವನ್ನು ಪುಟ್ಟಿ ಒತ್ತಿ ಹಿಡಿದರೆ, ಗಂಟು ತಟ್ಟುವ ಕೈ ನಡುಗಿದರೂ ಚುಕ್ಕಿ ತೂತಿನಲ್ಲೇ ಇಳಿಯುತ್ತಿತ್ತು. ಒಂದೊಂದು ಸಲ ಕಾಗದವೇ ಜಾರಿ ಸಾಲು ಜೋಡಿಯಾಗಿ ಮೂಡುತ್ತಿತ್ತು; ಆಗ ಇಬ್ಬರೂ "ನೀನು ಸರಿಸಿದ್ದು", "ನೀವು ಸರಿಸಿದ್ದು" ಎಂದು ಜಗಳವಾಡುತ್ತಿದ್ದರು.

ತೆಳುಹಳದಿ ಕೌದಿ ಗಿರಾಕಿಯ ಮನೆ ಸೇರಿತು. ಕಟ್ಟಿಕೊಡುವ ಮೊದಲು ಪುಟ್ಟಿ ತನ್ನ ಹೊಲಿಗೆ ಹುಡುಕಿದಳು. ನಾಲ್ಕೂ ಮೂಲೆಯಲ್ಲಿ ಮೂವರ ಕೈಯೂ ಇತ್ತು, ಎಷ್ಟೋ ಕಡೆ ಒಬ್ಬರದನ್ನು ಬಿಚ್ಚಿ ಇನ್ನೊಬ್ಬರು ಹೊಲಿದಿದ್ದರು. ಒಂದು ಎಲೆ ತನ್ನದೇ ಅನ್ನಿಸಿತು. ಅಕ್ಕ ಬಂದು ಅದು ತನ್ನದೆಂದಳು. ದೊಡ್ಡಮ್ಮ, "ಅದು ನಾನು ಚೆನ್ನಾಗಿದ್ದಾಗ ಹೊಲಿದದ್ದು" ಎಂದಳು. ಯಾರೂ ಬಿಟ್ಟುಕೊಡಲಿಲ್ಲ.

ಈಗ ಚೌಕಟ್ಟು ತಿರುಗುವುದಿಲ್ಲ. ಜೋಲುವ ಕಡೆ ಅಕ್ಕ ದಾರ ಬಿಗಿಯುತ್ತಾಳೆ, ಅಷ್ಟೇ. ಬೆಳಿಗ್ಗೆ ಬಂದರೆ ಪುಟ್ಟಿಯ ಎದುರಿಗಿರುವುದು ಪುಟ್ಟಿ ಬಿಟ್ಟುಹೋದ ಹೊಲಿಗೆಯೇ. ಅದು ಸುಧಾರಿಸುತ್ತಿದೆಯೋ ಇಲ್ಲವೋ ಅವಳಿಗೆ ಗೊತ್ತಾಗುವುದಿಲ್ಲ. ದೊಡ್ಡಮ್ಮನನ್ನು ಕೇಳಿದರೆ ಹೊಸ ಕಣ್ಣಿನಿಂದ ತುಂಬ ಹೊತ್ತು ನೋಡಿ, "ಹೊಲಿ, ಹೊಲಿ" ಎನ್ನುತ್ತಾಳೆ. ಅದು ಹೊಗಳಿಕೆಯೋ ಅಲ್ಲವೋ ಎಂದು ಮನೆಗೆ ಹೋಗಿ ಗಂಡನನ್ನು ಕೇಳುತ್ತಾಳೆ. ಅವನಿಗೂ ಗೊತ್ತಾಗುವುದಿಲ್ಲ.